ಗುಂಪಿಗೊಂದು ಹೆಸರಿಟ್ಟ ಮೇಲೆ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಂಗಳೂರಿನಿಂದ ಯಾದಗಿರಿವರೆಗೆ ರೈಲು, ಅಲ್ಲಿಂದ ಶಹಾಪುರಕ್ಕೆ ಬಸ್ಸು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆ ಒಂದು ಪುಸ್ತಕ ಇತ್ತು. ಬಿಲ್ ಬ್ಯುಫರ್ಡ್ ಬರೆದ ‘ಅಮಂಗ್ ದಿ ಥಗ್ಸ್’. ಎಂಬತ್ತರ ದಶಕದ ಇಂಗ್ಲೆಂಡಿನ ಫುಟ್‌ಬಾಲ್ ಪುಂಡಾಟಿಕೆಯ ಬಗ್ಗೆ ಬಂದ ಪುಸ್ತಕಗಳಲ್ಲಿ ಇದರಷ್ಟು ಓದಿಸಿಕೊಂಡದ್ದು ಇನ್ನೊಂದಿಲ್ಲ. ಆಫೀಸಿನಲ್ಲಿ ಶನಿವಾರ ರಾತ್ರಿ ಪಬ್ಬಿಗೆ ಹೋಗಿ ಪ್ರೀಮಿಯರ್ ಲೀಗ್ ನೋಡುವ ಗ್ಯಾಂಗ್ ಒಂದಿದೆ, ಅದರಲ್ಲಿ ನಾನೂ ಒಬ್ಬ. ಅವರಲ್ಲೊಬ್ಬರು ಕೊಟ್ಟದ್ದು.

ಹಬ್ಬದ ಮರುದಿನ ಅತ್ತೆಯ ಮಗ ಬೈಕ್ ತೆಗೆದ. ಸುರಪುರಕ್ಕೆ ಹೋಗಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿ ಬರೋಣ ಅಂದ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಈ ಸಲ ಅದರ ಮುಂದೆ ನಿಂತು ಬ್ಯಾಗಿನಲ್ಲಿದ್ದ ಪುಸ್ತಕದ ಹೆಸರು ನೆನಪಾದಾಗ ನಗು ಬಂತು. ಇಂಗ್ಲೆಂಡಿನ ಪುಂಡರಿಗೆ ಬ್ಯುಫರ್ಡ್ ಇಟ್ಟ ಆ ಹೆಸರನ್ನು ಇಂಗ್ಲಿಷಿನಲ್ಲಿ ಮನೆಮಾತು ಮಾಡಿದವನು ಇದೇ ಬಂಗಲೆಯಲ್ಲಿದ್ದ ಮನುಷ್ಯ!

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಫಿಲಿಪ್ ಮೆಡೋಸ್ ಟೇಲರ್ ನಿಜಾಮನ ನೌಕರಿಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. 1841ರಿಂದ ಸುಮಾರು ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಉಸ್ತುವಾರಿ ಅವನದಾಗಿತ್ತು. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಸುರಪುರಕ್ಕೆ ಬರುವ ಮುಂಚೆಯೇ, 1839ರಲ್ಲಿ, ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಲಂಡನ್ನಿನಲ್ಲಿ ಗದ್ದಲ ಎಬ್ಬಿಸಿತ್ತು. ಥಗ್ ಎಂಬ ಮಾತು ಅದಕ್ಕೂ ಮುಂಚೆ ಸರ್ಕಾರಿ ಕಾಗದಗಳಲ್ಲಿತ್ತು, ಸಾಮಾನ್ಯ ಓದುಗರ ಬಾಯಿಗೆ ಅದನ್ನು ತಂದುಕೊಟ್ಟಿದ್ದರಲ್ಲಿ ಈ ಕಾದಂಬರಿಯ ಪಾಲು ದೊಡ್ಡದು. ನಮ್ಮ ‘ಠಕ್ಕ’ ಆ ಪದದ ಬಳಗದ್ದೇ. ಇನ್ನೂ ಒಂದು ಕಾಕತಾಳೀಯ ಕೇಳಿ: ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. ಈ ಬರಹದಲ್ಲಿ ಮುಂದೆ ಆ ಊರಿನ ಹೆಸರು ಹಲವು ಸಲ ಬರುತ್ತದೆ.

ಈಗ ಪುಸ್ತಕಕ್ಕೆ ಬರೋಣ. ಬ್ಯುಫರ್ಡ್ ಅಮೆರಿಕದವನು, ಇಂಗ್ಲೆಂಡಿನಲ್ಲಿ ‘ಗ್ರಾಂಟಾ’ ಪತ್ರಿಕೆಯ ಸಂಪಾದಕನಾಗಿದ್ದವನು. ಒಂದು ಸಂಜೆ ವೇಲ್ಸ್‌ನ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ತುಂಬಿಕೊಂಡಿದ್ದ ರೈಲು ಎದುರಾಗುತ್ತದೆ. ಇವರು ಯಾರು, ಯಾಕೆ ಹೀಗೆ ಎಂಬ ಕುತೂಹಲ ಹುಟ್ಟಿ ವರ್ಷಗಟ್ಟಲೆ ಅಂಥವರ ಹಿಂದೆ ಅಲೆಯುತ್ತಾನೆ. 1984ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹುಡುಗರ ಜೊತೆ ಇಟಲಿಯ ಟ್ಯೂರಿನ್‌ಗೆ ಹೋಗುತ್ತಾನೆ. ಅವರು ಕುಡಿದು, ಊರಿನ ಜನರನ್ನು ಬೀದಿಯಲ್ಲಿ ಅಟ್ಟಾಡಿಸಿ ಹೊಡೆಯುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಾನೆ. ಕೊನೆಗೆ 1990ರ ವಿಶ್ವಕಪ್ ಸಮಯದಲ್ಲಿ ಸಾರ್ಡಿನಿಯಾದಲ್ಲಿ ಇಟಲಿ ಪೊಲೀಸರ ಕೈಯಲ್ಲಿ ತಾನೇ ಒದೆ ತಿನ್ನುತ್ತಾನೆ.

ಈ ಪುಸ್ತಕದಲ್ಲಿ ನನಗೆ ಇಷ್ಟವಾದದ್ದು ಎರಡು. ಮೊದಲನೆಯದು, ಅವನು ಸುಲಭದ ಕಾರಣ ಹುಡುಕುವುದಿಲ್ಲ. ಬಡತನ, ನಿರುದ್ಯೋಗ, ಅಶಿಕ್ಷೆ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಅವನಿಗೆ ಸಿಕ್ಕವರಲ್ಲಿ ಕೈತುಂಬ ಸಂಪಾದಿಸುವ ಎಲೆಕ್ಟ್ರಿಷಿಯನ್ ಇದ್ದ, ಹೆಂಡತಿ ಮಕ್ಕಳಿದ್ದವರು ಇದ್ದರು. ಅಂದರೆ ನಮ್ಮ ನಿಮ್ಮಂಥವರೇ. ಎರಡನೆಯದು, ಅವನು ತನ್ನನ್ನೂ ಬಿಡುವುದಿಲ್ಲ. ಗುಂಪು ಒಮ್ಮೆಲೆ ಓಡತೊಡಗಿದಾಗ, ಕಟ್ಟಳೆಗಳೆಲ್ಲ ಕಳಚಿಬಿದ್ದಾಗ, ತನಗೂ ಒಳಗೊಳಗೇ ಮಜಾ ಬಂತು ಅಂತ ಒಪ್ಪಿಕೊಳ್ಳುತ್ತಾನೆ. ಗುಂಪಿನಲ್ಲಿ ಒಮ್ಮೆಯಾದರೂ ಕಿರುಚಿದವರಿಗೆ ಈ ಮಾತು ನಿಜ ಅಂತ ಗೊತ್ತು. ನನಗೂ ಗೊತ್ತು.

ಅಂಥ ಗುಂಪುಗಳಿಗೆ ಕೆಟ್ಟ ಹೆಸರು ಬಂದದ್ದು ಸುಳ್ಳಿನಿಂದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. 1985ನೇ ಇಸವಿಯನ್ನೇ ತೆಗೆದುಕೊಳ್ಳಿ. ಮಾರ್ಚ್ 13ರಂದು ಲೂಟನ್ ಮೈದಾನದಲ್ಲಿ ಮಿಲ್‌ವಾಲ್ ಕ್ಲಬ್ಬಿನ ಜೊತೆ ಬಂದ ಗುಂಪು ಕುರ್ಚಿಗಳನ್ನು ಕಿತ್ತು ಪೊಲೀಸರ ಮೇಲೆ ಎಸೆಯಿತು. ಅದಾದ ಮೇಲೆ ಲೂಟನ್ ಕ್ಲಬ್ಬು ಎದುರಾಳಿ ತಂಡದ ಅಭಿಮಾನಿಗಳನ್ನೇ ನಾಲ್ಕು ವರ್ಷ ಒಳಗೆ ಬಿಡಲಿಲ್ಲ. ಅದೇ ವರ್ಷ ಚೆಲ್ಸಿಯ ಮಾಲೀಕ ಮೈದಾನದ ಸುತ್ತ ವಿದ್ಯುತ್ ಬೇಲಿ ಹಾಕಿಸಿದ. ಸ್ಥಳೀಯ ಆಡಳಿತ ಬೇಡ ಎಂದಿದ್ದಕ್ಕೆ ಅದರಲ್ಲಿ ಕರೆಂಟು ಹರಿಯಲಿಲ್ಲ ಅಷ್ಟೇ. ದನ ಕಾಯುವ ಬೇಲಿ ಮನುಷ್ಯರಿಗೆ!

ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಯುರೋಪಿಯನ್ ಕಪ್ ಫೈನಲ್, ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವೆ. ಆಟ ಶುರುವಾಗುವ ಮುಂಚೆಯೇ ಲಿವರ್‌ಪೂಲ್ ಕಡೆಯ ಗುಂಪು ಪಕ್ಕದ ಭಾಗಕ್ಕೆ ನುಗ್ಗಿತು. ತಪ್ಪಿಸಿಕೊಳ್ಳಲು ಓಡಿದ ಜನ ಗೋಡೆಗೆ ಒತ್ತರಿಸಿ, ಗೋಡೆ ಕುಸಿದು, 39 ಜನ ಸತ್ತರು. ಹೆಚ್ಚಿನವರು ಇಟಲಿಯವರು. ಮೈದಾನ ಹಳೆಯದು, ಗೋಡೆ ಶಿಥಿಲ. ಬೆಲ್ಜಿಯಂನ ಒಬ್ಬ ಫುಟ್‌ಬಾಲ್ ಅಧಿಕಾರಿ, ಒಬ್ಬ ಪೊಲೀಸ್ ಅಧಿಕಾರಿಯ ಮೇಲೂ ತಪ್ಪು ಸಾಬೀತಾಯಿತು. ಹಾಗಂತ ನುಗ್ಗಿದವರ ತಪ್ಪು ಕಮ್ಮಿ ಆಗುವುದಿಲ್ಲ. 14 ಲಿವರ್‌ಪೂಲ್ ಅಭಿಮಾನಿಗಳಿಗೆ 1989ರಲ್ಲಿ ಶಿಕ್ಷೆಯಾಯಿತು. ಇಂಗ್ಲೆಂಡಿನ ಕ್ಲಬ್ಬುಗಳನ್ನೆಲ್ಲ ಯುರೋಪಿನ ಪಂದ್ಯಾವಳಿಗಳಿಂದ ಐದು ವರ್ಷ ಹೊರಗಿಟ್ಟರು, ಲಿವರ್‌ಪೂಲನ್ನು ಆರು ವರ್ಷ. ಆ ವರ್ಷದ ಲೀಗ್ ಚಾಂಪಿಯನ್ ಎವರ್ಟನ್. ಅದೇ ಊರಿನ ಇನ್ನೊಂದು ಕ್ಲಬ್ಬು, ಹೈಸೆಲ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದಕ್ಕೂ ಯುರೋಪಿಯನ್ ಕಪ್ ಆಡುವ ಅವಕಾಶ ತಪ್ಪಿತು.

ಇಲ್ಲಿಯವರೆಗೆ ಕ್ಲಬ್ಬಿನ ಹೆಸರು ಹೇಗೆ ಕೆಡುತ್ತದೆ ಅನ್ನುವುದರ ಕಥೆ. ಮುಂದಿನದು ಕೆಟ್ಟ ಹೆಸರನ್ನು ಬೇರೆಯವರು ಹೇಗೆ ಬಳಸಿಕೊಳ್ಳುತ್ತಾರೆ ಅನ್ನುವುದರ ಕಥೆ.

1989ರ ಏಪ್ರಿಲ್ 15. ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನ, ಎಫ್‌ಎ ಕಪ್ ಸೆಮಿಫೈನಲ್. ಲಿವರ್‌ಪೂಲ್ ಜನ ನಿಲ್ಲುವ ಜಾಗವನ್ನು ದೊಡ್ಡಿಗಳ ಹಾಗೆ ಬೇಲಿ ಹಾಕಿ ವಿಂಗಡಿಸಿದ್ದರು. ಮುಂದೆಯೂ ಬೇಲಿ, ಮೈದಾನಕ್ಕೆ ನುಗ್ಗದಿರಲಿ ಅಂತ. ಹೊರಗೆ ನೂಕುನುಗ್ಗಲು ಹೆಚ್ಚಾದಾಗ ಪೊಲೀಸರು ಒಂದು ನಿರ್ಗಮನ ಗೇಟ್ ತೆಗೆಸಿದರು. ಒಳಗೆ ಹೋದವರನ್ನು ಖಾಲಿ ಇದ್ದ ಅಕ್ಕಪಕ್ಕದ ಭಾಗಗಳಿಗೆ ತಿರುಗಿಸಲಿಲ್ಲ. ಆಗಲೇ ತುಂಬಿದ್ದ ಮಧ್ಯದ ದೊಡ್ಡಿಗಳಿಗೇ ಜನ ಹರಿದರು. ಕೊನೆಗೆ ಸತ್ತವರ ಲೆಕ್ಕ 97. ಜೀವ ಉಳಿಸಿಕೊಳ್ಳಲು ಬೇಲಿ ಹತ್ತುತ್ತಿದ್ದವರನ್ನು ಕಂಡು, ಗಲಾಟೆಗೆ ಬರುತ್ತಿದ್ದಾರೆ ಅಂತ ಮೊದಲಿಗೆ ವಾಪಸ್ ಒಳಗೆ ತಳ್ಳಿದ್ದೂ ಉಂಟು.

ಗೇಟ್ ತೆಗೆಸಿದ ಪೊಲೀಸ್ ಕಮಾಂಡರ್ ಅಂದೇ ಮಧ್ಯಾಹ್ನ ಹೇಳಿದ ಸುಳ್ಳು: ಅಭಿಮಾನಿಗಳೇ ಗೇಟ್ ಮುರಿದು ನುಗ್ಗಿದರು. ನಾಲ್ಕು ದಿನದ ಮೇಲೆ ‘ದಿ ಸನ್’ ಪತ್ರಿಕೆ, ಕುಡಿದ ಅಭಿಮಾನಿಗಳು ಹೆಣಗಳ ಜೇಬಿಗೆ ಕೈಹಾಕಿದರು ಅಂತ ಮುಖಪುಟದಲ್ಲಿ ಬರೆಯಿತು, ಅದೂ ‘ಸತ್ಯ’ ಎಂಬ ತಲೆಬರಹದ ಕೆಳಗೆ. ತನಿಖೆ ನಡೆಸಿದ ನ್ಯಾಯಮೂರ್ತಿಯ ಹೆಸರೂ ಟೇಲರ್, ಪೀಟರ್ ಟೇಲರ್. ಜನರನ್ನು ನಿಭಾಯಿಸುವಲ್ಲಿ ಪೊಲೀಸರು ಸೋತದ್ದೇ ಮುಖ್ಯ ಕಾರಣ ಅಂತ ಅವರು ಅದೇ ವರ್ಷ ಸ್ಪಷ್ಟವಾಗಿ ಬರೆದರು. ಆದರೂ ಸುಳ್ಳು ಸಾಯಲಿಲ್ಲ. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು ಅನ್ನುವುದು 2012ರಲ್ಲಿ ಸ್ವತಂತ್ರ ಸಮಿತಿಯ ವರದಿಯಲ್ಲಿ ಬಂತು. ಇದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ಇಪ್ಪತ್ತೇಳು ವರ್ಷ! ಆ ಸಾವುಗಳಿಗಾಗಿ ಒಬ್ಬ ಪೊಲೀಸ್ ಅಧಿಕಾರಿಯೂ ಜೈಲಿಗೆ ಹೋಗಲಿಲ್ಲ.

ಸುಳ್ಳು ಅಷ್ಟು ಸಲೀಸಾಗಿ ಯಾಕೆ ಓಡಿತು? ನನ್ನ ಉತ್ತರ ಸರಳ. ದಾರಿಯನ್ನು ಹೈಸೆಲ್ ಮೊದಲೇ ಮಾಡಿಕೊಟ್ಟಿತ್ತು. ಲಿವರ್‌ಪೂಲ್ ಜನ ಅಂದರೆ ಹೀಗೇ ಅಂತ ನಾಲ್ಕು ವರ್ಷದಿಂದ ದೇಶ ನಂಬಿತ್ತು. ಹೈಸೆಲ್‌ನಲ್ಲಿ ಕೆಲವರು ಮಾಡಿದ್ದಕ್ಕೆ ಹಿಲ್ಸ್‌ಬರೋದಲ್ಲಿ ಬೇರೆಯವರು, ಶಾಲೆಗೆ ಹೋಗುವ ಮಕ್ಕಳು ಕೂಡ, ಸತ್ತ ಮೇಲೂ ಆರೋಪಿಗಳಾದರು.

ಇದೆಲ್ಲ ಹಳೆಯ ಕಾಲದ್ದು, ಈಗ ಪ್ರೀಮಿಯರ್ ಲೀಗ್ ಅಂದರೆ ಫ್ಯಾಮಿಲಿ ಕೂತು ನೋಡುವ ಶೋ ಅಂತ ನೀವು ಹೇಳಬಹುದು. ಹಾಗಾದರೆ 2022ರ ಮೇ 28, ಪ್ಯಾರಿಸ್. ಚಾಂಪಿಯನ್ಸ್ ಲೀಗ್ ಫೈನಲ್. ಸ್ಟೇಡಿಯಂ ಹೊರಗೆ ಇಕ್ಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡ ಲಿವರ್‌ಪೂಲ್ ಜನರ ಮೇಲೆ, ಮಕ್ಕಳಿದ್ದಾರೆ ಅಂತಲೂ ನೋಡದೆ, ಅಶ್ರುವಾಯು ಬಿಟ್ಟರು. ಒಳಗಿನ ಪರದೆಯಲ್ಲಿ, ಅಭಿಮಾನಿಗಳು ತಡವಾಗಿ ಬಂದದ್ದರಿಂದ ಆಟ ತಡ ಅಂತ ಸಂದೇಶ. ಫ್ರಾನ್ಸಿನ ಮಂತ್ರಿ ನಕಲಿ ಟಿಕೆಟ್ಟಿನ ಕಥೆ ಹೇಳಿದ. ಮುಂದಿನ ವರ್ಷ ಬಂದ ಸ್ವತಂತ್ರ ವರದಿ, ಮುಖ್ಯ ಹೊಣೆ ಪಂದ್ಯ ನಡೆಸಿದ ಯುಇಎಫ್‌ಎದ್ದು, ಅಭಿಮಾನಿಗಳದ್ದಲ್ಲ ಅಂದಿತು. ಹಿಲ್ಸ್‌ಬರೋವನ್ನು ಪುಂಡಾಟಿಕೆಯ ಜೊತೆ ತಪ್ಪಾಗಿ ತಳುಕು ಹಾಕಿಕೊಂಡೇ ಪೊಲೀಸರು ಅಂದಿನ ತಯಾರಿ ಮಾಡಿಕೊಂಡಿದ್ದರು ಎಂಬುದನ್ನೂ ಆ ವರದಿ ಗುರುತಿಸಿತು. ಹೈಸೆಲ್ ಆಗಿ ಮೂವತ್ತೇಳು ವರ್ಷವಾದರೂ ಹೆಸರು ಗೇಟಿನಲ್ಲಿ ನಿಂತು ಕಾಯುತ್ತಿತ್ತು.

ಇಷ್ಟು ದೂರದ ಕಥೆಯನ್ನು ಸುರಪುರದ ಗುಡ್ಡದ ಮೇಲೆ ಯಾಕೆ ನೆನೆಸಿಕೊಂಡೆ ಅಂತ ಹೇಳಿಬಿಡುತ್ತೇನೆ. ಅಂದು ಬೈಕ್ ಓಡಿಸಿಕೊಂಡು ಬಂದ ಅತ್ತೆಯ ಮಗ 2025ರ ಜೂನ್ 4ರ ಮಧ್ಯಾಹ್ನ ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಹತ್ತಿರ ಇದ್ದ.

ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿತ್ತು. ಹದಿನೆಂಟು ಸೀಸನ್ ಕಾದ ಕಪ್ಪು. ನಾನೂ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದ್ದೆ. ಮರುದಿನ ಆಫೀಸಿನಲ್ಲಿದ್ದೆ. ಸಂಜೆ ನೂಕುನುಗ್ಗಲಿನ ಮೊದಲ ವಿಡಿಯೋಗಳು ಬಂದಾಗ ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ನಾನೇ ಬರೆದೆ: ‘ನಮ್ ಜನಕ್ಕೆ ಸಿವಿಕ್ ಸೆನ್ಸ್ ಅನ್ನೋದೇ ಇಲ್ಲ, ಗೇಟ್ ಹತ್ತೋರಿಗೆ ಯಾರು ಏನ್ ಮಾಡೋಕಾಗುತ್ತೆ.’ ಹನ್ನೆರಡು ಥಂಬ್ಸಪ್ ಬಂತು. ಅರ್ಧ ಗಂಟೆಯ ಮೇಲೆ ಶಹಾಪುರದಿಂದ ಅತ್ತೆಯ ಫೋನು. ಮಗ ಫೋನ್ ಎತ್ತುತ್ತಿಲ್ಲ ಅಂತ.

ರಾತ್ರಿ ಒಂಬತ್ತಕ್ಕೆ ಸಿಕ್ಕ. ಒಂದೇ ಕಾಲಲ್ಲಿ ಚಪ್ಪಲಿ. ‘ನಿಂದ್ರಲಿಕ್ಕಿ ಜಾಗ ಇದ್ದಿಲ್ಲ ಅಣ್ಣ. ನಾ ಯಾರಿಗೂ ನೂಕಿಲ್ಲ. ಹಿಂದಿಂದ ಬಂತು’ ಅಂದ. ಇವನು ಬೆಂಗಳೂರಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ, ನಮ್ಮ ಜಿಲ್ಲೆಯ ಸಾವಿರಾರು ಜನರ ಹಾಗೆ. ಇವನು ಪಾರಾದ. ಹನ್ನೊಂದು ಜನ ಪಾರಾಗಲಿಲ್ಲ. ಅವರಲ್ಲೊಬ್ಬನ ಮನೆಯವರು ನಮ್ಮ ಯಾದಗಿರಿ ಕಡೆಯವರು ಅಂತ ಮರುದಿನ ಪೇಪರಿನಲ್ಲಿ ಓದಿದೆ. ಗ್ರೂಪಿನಲ್ಲಿ ಬರೆದದ್ದನ್ನು ಅಳಿಸಲು ಹೋದೆ, ಆಗಲಿಲ್ಲ, ಸಮಯ ಮೀರಿತ್ತು.

ನಾನು ಬರೆದದ್ದು ಹಿಲ್ಸ್‌ಬರೋದ ಸುಳ್ಳಿನ ಸಣ್ಣ ನಕಲೇ. ಗೇಟ್ ಹತ್ತಿದವರು ಇದ್ದರು, ಮರ ಹತ್ತಿದವರೂ ಇದ್ದರು, ನಿಜ. ಆದರೆ ಸುಮಾರು 35,000 ಜನ ಹಿಡಿಸುವ ಜಾಗ ಅದು. ಬೆಳಗ್ಗೆಯಿಂದ ಕ್ಲಬ್ಬಿನ ಸೋಷಿಯಲ್ ಮೀಡಿಯಾದಲ್ಲಿ ವಿಜಯೋತ್ಸವಕ್ಕೆ ಕರೆ, ಮಧ್ಯಾಹ್ನ ಫ್ರೀ ಪಾಸಿನ ಸುದ್ದಿ. ಎರಡು ಮೂರು ಲಕ್ಷ ಜನ ಬಂದರು ಅಂತ ಮುಖ್ಯಮಂತ್ರಿಗಳೇ ಹೇಳಿದರು. ಹೊರಗೆ ಜನ ಸಾಯುತ್ತಿದ್ದರೂ ಒಳಗೆ ಕಾರ್ಯಕ್ರಮ ನಡೆಯಿತು. ಪೊಲೀಸರ ಅನುಮತಿ ಇಲ್ಲದೆ ಕ್ಲಬ್ಬು ಜನರನ್ನು ಕರೆಯಿತು, ಮೇಲ್ನೋಟಕ್ಕೆ ಅದೇ ಹೊಣೆ ಎಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು ಹೇಳಿತು. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗ ಕ್ಲಬ್ಬು, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಡೆಸಿದ ಕಂಪನಿ, ಪೊಲೀಸರು, ನಾಲ್ವರ ಕಡೆಗೂ ಬೆರಳು ತೋರಿಸಿತು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಇಷ್ಟಾದರೂ ಆಫೀಸಿನ ಊಟದ ಟೇಬಲ್ಲಿನಲ್ಲಿ ಇವತ್ತಿಗೂ ಉಳಿದಿರುವುದು ಒಂದೇ ವಾಕ್ಯ, ‘ಆರ್‌ಸಿಬಿ ಫ್ಯಾನ್ಸ್ ಅಂದ್ರೆ ಹಾಗೇ ಬಿಡು.’

ಈ ಹೆಸರು ಬರಲು ನಾವೂ ಕಾರಣ. 2023ರಲ್ಲಿ ಶುಭಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಹೊರಗೆ ಹಾಕಿದಾಗ, ಅವರ ಸಹೋದರಿಗೆ ಆನ್‌ಲೈನಿನಲ್ಲಿ ಬಂದ ಬೈಗುಳ ಎಷ್ಟು ಹೊಲಸಾಗಿತ್ತೆಂದರೆ ದೆಹಲಿ ಮಹಿಳಾ ಆಯೋಗ ಪೊಲೀಸರಿಗೆ ನೋಟಿಸ್ ಕೊಡಬೇಕಾಯಿತು. ಅದನ್ನು ಬರೆದವರು ಯಾರೋ ಕೂಲಿಯವರಲ್ಲ, ಕೈಯಲ್ಲಿ ಒಳ್ಳೆಯ ಫೋನು, ಹೊಟ್ಟೆಯಲ್ಲಿ ಊಟ ಇದ್ದವರು. ಬ್ಯುಫರ್ಡ್‌ನ ಎಲೆಕ್ಟ್ರಿಷಿಯನ್ ಥರದವರು. ನಾವು ಆಗ ಮೀಮ್ ಹಂಚಿ ನಕ್ಕೆವು. ಕೆಲವರು ಕೀಬೋರ್ಡಿನಲ್ಲಿ ಗಳಿಸಿದ ಹೆಸರಿನ ಬೆಲೆಯನ್ನು ಗೇಟಿನಲ್ಲಿ ನಿಂತ ಇನ್ಯಾರೋ ತೆತ್ತರು.

ಬ್ಯುಫರ್ಡ್ ಪುಸ್ತಕದ ಬಗ್ಗೆ ನನ್ನ ತಕರಾರು ಇಲ್ಲೇ ಇರುವುದು. ಟೆರೇಸಿನ ಇಕ್ಕಟ್ಟು, ಜನರನ್ನು ದನಗಳ ಹಾಗೆ ತುಂಬುವ ರೀತಿ, ಇದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಆದರೆ ಅವನ ಪ್ರಶ್ನೆ ಯಾವಾಗಲೂ ಒಂದೇ: ಒಳಗಿದ್ದವನ ತಲೆಯಲ್ಲಿ ಏನಾಗುತ್ತದೆ? ಅವರನ್ನು ಅಲ್ಲಿ ಹಾಗೆ ನಿಲ್ಲಿಸಿ ಟಿಕೆಟ್ ದುಡ್ಡು ಎಣಿಸಿದವರ ತಲೆಯಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಅಷ್ಟೇ ಉತ್ಸಾಹ ಕಾಣುವುದಿಲ್ಲ. ಕಿರುಚುವವನ ಕಥೆ ರೋಚಕ, ಗೇಟಿನ ಅಗಲ ಅಳೆಯುವವನ ಕಥೆ ಬೋರು. ಹಾಗಾಗಿ ಪುಸ್ತಕ ಮುಚ್ಚಿದಾಗ ನೆನಪಿನಲ್ಲಿ ಉಳಿಯುವುದು ಥಗ್ಸ್ ಮಾತ್ರ. ಬೇಲಿ ಹಾಕಿಸಿದವರು ನೆನಪಿರುವುದಿಲ್ಲ.

ಟೇಲರನ ಕಾದಂಬರಿಯೂ ಇದನ್ನೇ ಮಾಡಿತ್ತು. ಅಮೀರ್ ಅಲಿ ಎಂಬ ಠಕ್ಕ ಒಬ್ಬ ಸಾಹೇಬನ ಮುಂದೆ ಕೂತು ತನ್ನ ಕೊಲೆಗಳ ಕಥೆ ಹೇಳುತ್ತಾನೆ. ಸಾಹೇಬ ಕೇಳುತ್ತಾನೆ, ಓದುಗ ಬೆಚ್ಚುತ್ತಾನೆ. ಕೊಲೆಗಳು ನಡೆದದ್ದು ಸುಳ್ಳಲ್ಲ. ಆದರೆ ಹುಟ್ಟಿನಿಂದಲೇ ಅಪರಾಧಿಗಳಾದ ಜನ ಇರುತ್ತಾರೆ ಎಂಬ ನಂಬಿಕೆ ಆ ಕಾಲದಲ್ಲಿ ಬೇರೂರಿ, 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಾಗಿ ಬಂತು. ಇಡೀ ಸಮುದಾಯಗಳಿಗೆ ಕಳ್ಳರ ಪಟ್ಟ. ಕಾಯ್ದೆ ಹೋದದ್ದು 1952ರಲ್ಲಿ. ಪಟ್ಟ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಸುರಪುರದಲ್ಲೂ ಹೆಸರಿನ ಜಗಳ ಇದೆ. 1858ರಲ್ಲಿ ವೆಂಕಟಪ್ಪ ನಾಯಕ ಮತ್ತವನ ಬೇಡರ ಪಡೆ ಮಾಡಿದ್ದನ್ನು ಬ್ರಿಟಿಷರು ದಂಗೆ ಅಂದರು, ನಾವು ಸ್ವಾತಂತ್ರ್ಯ ಸಂಗ್ರಾಮ ಅನ್ನುತ್ತೇವೆ. ಟ್ಯೂರಿನ್ ಬೀದಿಯಲ್ಲಿ ಕುಡಿದು ಹೊಡೆದವರನ್ನು ಇವರ ಸಾಲಿಗೆ ಸೇರಿಸುವಷ್ಟು ಮೂರ್ಖ ನಾನಲ್ಲ. ಹೇಳುವುದಿಷ್ಟೇ, ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆ ಅಂತ ನೋಡದೆ ಹೆಸರನ್ನು ನಂಬಬಾರದು. ನನಗೂ ಇದರ ರುಚಿ ಗೊತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2023, 2024 ಎರಡೂ ವರ್ಷ ನಮ್ಮ ಜಿಲ್ಲೆ ಪಟ್ಟಿಯ ಕೊನೆಯಲ್ಲಿತ್ತು. ಆ ದಿನಗಳಲ್ಲಿ ಯಾದಗಿರಿಯವನು ಅಂದರೆ ಎದುರಿಗಿದ್ದವರ ಮುಖದಲ್ಲೊಂದು ಸಣ್ಣ ನಗು ಬರುತ್ತಿತ್ತು. ಶಾಲೆಯಲ್ಲಿ ಎಷ್ಟು ಜನ ಮೇಷ್ಟ್ರಿದ್ದಾರೆ ಅಂತ ಯಾರೂ ಕೇಳಲಿಲ್ಲ. ಅಂಥ ನಗೆ ತಿಂದವನೇ ಜೂನ್ 4ರಂದು ಸಿವಿಕ್ ಸೆನ್ಸ್ ಪಾಠ ಮಾಡಿದ್ದು.

ಹಾಗಾದರೆ ಈ ಪುಸ್ತಕ ಓದಬೇಕಾ? ಓದಿ. ನಿಮ್ಮೊಳಗಿನ ಗುಂಪಿನ ಬಗ್ಗೆ ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳುವ ಇನ್ನೊಂದು ಪುಸ್ತಕ ನಾನು ನೋಡಿಲ್ಲ. ಆದರೆ ಅದರ ಪಕ್ಕದಲ್ಲಿ ನ್ಯಾಯಮೂರ್ತಿ ಟೇಲರ್ ವರದಿಯನ್ನೂ ಇಟ್ಟುಕೊಳ್ಳಿ. ಅದು ಪುಕ್ಕಟೆ ಸಿಗುತ್ತದೆ, ಅದರಲ್ಲಿ ಗೇಟು, ಬೇಲಿ, ಕೀಲಿ, ಸಮಯ ಎಲ್ಲದರ ಲೆಕ್ಕ ಇದೆ. ಮೊದಲನೆಯದು ಅಭಿಮಾನಿಯಾಗಿ ನಮ್ಮ ತಪ್ಪು ಏನು ಅಂತ ತೋರಿಸುತ್ತದೆ, ಎರಡನೆಯದು ನಮ್ಮದಲ್ಲದ ತಪ್ಪು ಯಾರದು ಅಂತ.

ಗುಡ್ಡ ಇಳಿಯುವಾಗ ಅವನಿಗೆ ಇದನ್ನೆಲ್ಲ ಸ್ವಲ್ಪ ಹೇಳಿದೆ. ಲಿವರ್‌ಪೂಲ್ ಜನಕ್ಕೆ ಇಪ್ಪತ್ತೇಳು ವರ್ಷ ಹಿಡಿಯಿತು ಅಂದಾಗ ಬೈಕ್ ನಿಧಾನ ಮಾಡಿ, ‘ನಮ್ದು ಎಷ್ಟು ವರ್ಷ ಹಿಡೀತದ ಅಣ್ಣ?’ ಅಂತ ಕೇಳಿದ. ಗೊತ್ತಿಲ್ಲ ಅಂದೆ. ವಾಟ್ಸಾಪ್ ಗ್ರೂಪಿನಲ್ಲಿ ನಾನು ಬರೆದದ್ದನ್ನು ಅವನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.